ಆಶಾಲತಾ ಸುವರ್ಣರ ಬಾಯಿಪಾಠ

ಪರೀಕ್ಷೆಯಲ್ಲಿ ಕಾಪಿ ಹೊಡೆದರು ಎಂದು ಕಾಲೇಜಿನವರು ಆಶಕ್ಕನ ಮೇಲೆ ಆರೋಪ ಹೊರಿಸಿದಾಗ ಅವರಿಗೆ ನಲವತ್ತೊಂದು ವರ್ಷ. ಮಗಳು ಹೈಸ್ಕೂಲಿನಲ್ಲಿದ್ದಳು. ಗಂಡನ ಕೆಲಸ ಹೋಗಿ ಮೂರು ವಾರವಾಗಿತ್ತು. ಅದು 2001ರ ಏಪ್ರಿಲ್.

ಅಮೆರಿಕದ ಹೇವರ್ಡ್‌ನ ಅಪಾರ್ಟ್‌ಮೆಂಟಿನಲ್ಲಿ ನಮ್ಮದು ಕೆಳಗಿನ ಮನೆ, ಅವರದು ಮೇಲಿನದು. ನಾನು ಮೈಥಿಲಿ, ಮೈಸೂರಿನವಳು. ಅವರು ಉಡುಪಿ ಹತ್ತಿರದ ಕಟಪಾಡಿಯವರು, ಪೂರ್ತಿ ಹೆಸರು ಆಶಾಲತಾ ಸುವರ್ಣ. ಮನೆಯೊಳಗೆ ಗಂಡ ಹೆಂಡತಿ ತುಳು ಮಾತಾಡಿಕೊಳ್ಳುತ್ತಿದ್ದರು. ನನ್ನೊಡನೆ ಮಾತ್ರ ಕನ್ನಡ. ನನ್ನ ಮಗಳು ಮಾನ್ಯಾ ಹೋಗುತ್ತಿದ್ದ ಡೇಕೇರ್‌ನಲ್ಲಿ ಆಶಕ್ಕ ಸಹಾಯಕ ಟೀಚರ್. ಎರಡು ವರ್ಷದ ಹನ್ನೆರಡು ಮಕ್ಕಳನ್ನು ಒಂದೂ ಅಳದಂತೆ ಮಧ್ಯಾಹ್ನ ಮಲಗಿಸಬಲ್ಲವರು ಅಲ್ಲಿ ಅವರೊಬ್ಬರೇ. ಆದರೂ ತರಗತಿಯ ಹೊಣೆ ಹೊತ್ತ ಟೀಚರ್ ಆಗಬೇಕಾದರೆ ಡಿಗ್ರಿ ಬೇಕು ಅಂದರು. ಕಮ್ಯೂನಿಟಿ ಕಾಲೇಜಿಗೆ ವಿಚಾರಿಸಲು ಹೋದರೆ ಅಲ್ಲಿನ ಕೌನ್ಸೆಲರ್, ಮಕ್ಕಳ ಮನಶ್ಶಾಸ್ತ್ರದ ಜೊತೆಗೆ ಅಮೆರಿಕದ ಇತಿಹಾಸ, ಅಮೆರಿಕದ ಸರ್ಕಾರ ಎರಡೂ ಕಡ್ಡಾಯ ಎಂದು ಪಟ್ಟಿ ಕೊಟ್ಟಳಂತೆ.

"ಡಯಾಪರ್ ಬದಲಿಸ್ಲಿಕ್ಕೆ ಸಂವಿಧಾನ ಗೊತ್ತಿರ್ಬೇಕಂತೆ ಮೈಥಿಲಿ," ಎಂದು ನಕ್ಕರು. ನಗುತ್ತಲೇ ಹೆಸರು ನೋಂದಾಯಿಸಿದರು.

ಆದರೆ ಇತಿಹಾಸ ಅವರಿಗೆ ಹೊಸದಾಗಿರಲಿಲ್ಲ. ಅವರ ತಾಯಿ ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದವರು. ಆಶಕ್ಕ ಎಸ್ಸೆಸ್ಸೆಲ್ಸಿಯವರೆಗೆ ಕನ್ನಡ ಮಾಧ್ಯಮ, ಆಮೇಲೆ ಇದ್ದಕ್ಕಿದ್ದಂತೆ ಇಂಗ್ಲಿಷು. ಬಿ.ಎ.ಗೆ ಇತಿಹಾಸ ತೆಗೆದುಕೊಂಡಿದ್ದರು. ಒಂದು ವರ್ಷ ಮುಗಿಯುವಷ್ಟರಲ್ಲಿ ತಾಯಿ ಹಾಸಿಗೆ ಹಿಡಿದರು, ಮಗಳು ಬೀಡಿ ಎಲೆಯ ಮುಂದೆ ಕೂತಳು. ನಡುವೆ ನಿಂತ ಆ ಓದು ಇಪ್ಪತ್ತೆರಡು ವರ್ಷ ಅವರೊಳಗೆ ಹಾಗೇ ಇತ್ತು.

2000ದ ಆಗಸ್ಟಿನಲ್ಲಿ ಸರ್ಕಾರದ ಪಾಠ ಶುರುವಾಯಿತು. ನವೆಂಬರಿನಲ್ಲಿ ಅಧ್ಯಕ್ಷರ ಚುನಾವಣೆ ನಡೆದು, ಫ್ಲಾರಿಡಾದ ಮತ ಎಣಿಕೆ ವಾರಗಟ್ಟಲೆ ಎಳೆದಾಡುತ್ತಿದ್ದಾಗ ನಾವೆಲ್ಲ ತಲೆಬುಡ ತಿಳಿಯದೆ ಟಿ.ವಿ. ಮುಂದೆ ಕೂತಿದ್ದೆವು. ಒಂದು ಭಾನುವಾರ ಆಶಕ್ಕ ನಮ್ಮ ಅಡುಗೆಮನೆಯಲ್ಲಿ ನೀರ್‌ದೋಸೆ ಹುಯ್ಯುತ್ತ, ಹೆಚ್ಚು ಮತ ಬಿದ್ದವನೇ ಗೆಲ್ಲಬೇಕೆಂದಿಲ್ಲ ಯಾಕೆ ಎಂಬುದನ್ನು ಕಾವಲಿ ಆರುವುದರೊಳಗೆ ವಿವರಿಸಿ ಮುಗಿಸಿದರು. ನನ್ನ ಗಂಡ ಅನಂತಪದ್ಮನಾಭ ತಟ್ಟೆ ಹಿಡಿದುಕೊಂಡು ನಿಂತೇ ಕೇಳಿದರು. ಸರ್ಕಾರದ ಪಾಠದಲ್ಲಿ ಆಶಕ್ಕನಿಗೆ 'ಎ' ಬಂತು. ಪರೀಕ್ಷೆಯೆಲ್ಲ ನಾಲ್ಕು ಉತ್ತರಗಳಲ್ಲಿ ಸರಿಯಾದದ್ದಕ್ಕೆ ಗುರುತು ಹಾಕುವ ಬಗೆಯದು.

ಜನವರಿಯಲ್ಲಿ ಇತಿಹಾಸ ತೆಗೆದುಕೊಂಡರು. ಮೇಷ್ಟ್ರು ಕೆಂಡ್ರಿಕ್ ಎಂಬವರು, ಐವತ್ತರ ಆಸುಪಾಸಿನವರು. ಮೂರು ಕಾಲೇಜುಗಳಲ್ಲಿ ಗಂಟೆಯ ಲೆಕ್ಕದಲ್ಲಿ ಪಾಠ ಮಾಡುತ್ತ ಅರ್ಧ ದಿನ ಫ್ರೀವೇಯಲ್ಲೇ ಕಳೆಯುವ ಮನುಷ್ಯ. ಕಾರಿನ ಹಿಂದಿನ ಸೀಟಿನ ತುಂಬ ಉತ್ತರ ಪತ್ರಿಕೆಗಳಿರುತ್ತಿದ್ದವಂತೆ. "ಒಳ್ಳೆ ಪಾಠ ಮಾಡ್ತಾರೆ. ಆದ್ರೆ ಯಾರ ಮುಖವನ್ನೂ ನೋಡುದಿಲ್ಲ," ಅನ್ನುತ್ತಿದ್ದರು ಆಶಕ್ಕ.

ಮಾರ್ಚ್ ಕೊನೆಯಲ್ಲಿ ಅವರ ಗಂಡ ಲೀಲಾಧರ ಅವರ ಕಂಪನಿ ಫ್ರೀಮಾಂಟಿನ ಶಾಖೆಯನ್ನೇ ಮುಚ್ಚಿತು. ಹದಿನಾರು ವರ್ಷದಿಂದ ಸರ್ಕ್ಯೂಟ್ ಬೋರ್ಡು ಪರೀಕ್ಷಿಸುತ್ತಿದ್ದ ಮನುಷ್ಯ ಬೆಳಿಗ್ಗೆ ಎದ್ದು ಶೇವ್ ಮಾಡಿಕೊಂಡು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಸೋಫಾದ ಮೇಲೆ ಕೂರುತ್ತಿದ್ದರು. ಆ ವರ್ಷ ನಮ್ಮ ಬೀದಿಯಲ್ಲಿ ಹಾಗೆ ಕೂತ ಗಂಡಸರು ಅವರೊಬ್ಬರೇ ಅಲ್ಲ. ಅವರಿಗೆ ಇನ್ನೊಂದು ಚಿಂತೆಯೂ ಇತ್ತು. ಗಂಡ ಹೆಂಡತಿ ಇಬ್ಬರೂ ಅಮೆರಿಕದ ಪೌರತ್ವಕ್ಕೆ ಅರ್ಜಿ ಹಾಕಿ ಇಂಟರ್‌ವ್ಯೂಗೆ ಕಾಯುತ್ತಿದ್ದರು. ಮಗಳು ಸುರಕ್ಷಾ ಇಲ್ಲೇ ಹುಟ್ಟಿದವಳು. ಕಾಗದಪತ್ರ ಸರಿಯಾಗಿ ಒಂದು ದೇಶಕ್ಕೆ ಸೇರಿಬಿಟ್ಟರೆ ಸಾಕು, ಆಮೇಲೆ ಹೇಗೋ ಬದುಕಬಹುದು ಎಂಬ ನಂಬಿಕೆ ಲೀಲಾಧರ ಅವರದು.

ಅದೇ ವಾರ ಇತಿಹಾಸದ ಪರೀಕ್ಷೆ. ಚೀನೀಯರು ಈ ದೇಶಕ್ಕೆ ಬರದಂತೆ ತಡೆದ ಕಾನೂನು ಮತ್ತು ನಮ್ಮೂರಿಗೆ ತಾಗಿದ ಕಡಲ ಕೊಲ್ಲಿಯೊಳಗೇ ಇರುವ ಏಂಜಲ್ ಐಲೆಂಡ್ ದ್ವೀಪದಲ್ಲಿ ಅವರನ್ನು ಕೂಡಿಹಾಕಿದ್ದರ ಮೇಲೆ ದೀರ್ಘ ಉತ್ತರ ಬರೆಯಬೇಕಿತ್ತು. ಆಶಕ್ಕ ನಾಲ್ಕು ಪುಟ ಬರೆದರು. ಎರಡು ವಾರ ಕಳೆದು ಎಲ್ಲರ ಪತ್ರಿಕೆ ಬಂದರೂ ಅವರದು ಬರಲಿಲ್ಲ. ಕ್ಲಾಸು ಮುಗಿದ ಮೇಲೆ ಕೆಂಡ್ರಿಕ್ ಆಶಕ್ಕನನ್ನು ನಿಲ್ಲಿಸಿಕೊಂಡು, ಪತ್ರಿಕೆಯನ್ನೂ ಪಠ್ಯಪುಸ್ತಕವನ್ನೂ ಮೇಜಿನ ಮೇಲೆ ಅಕ್ಕಪಕ್ಕ ಬಿಡಿಸಿಟ್ಟರು. ಏಳು ಪ್ಯಾರಾ. ಪದಕ್ಕೆ ಪದ, ಅಲ್ಪವಿರಾಮಕ್ಕೆ ಅಲ್ಪವಿರಾಮ.

"ಪುಟಗಳನ್ನು ಹೇಗೆ ಒಳಗೆ ತಂದಿರಿ?" ಎಂದು ಕೇಳಿದರು.

"ತರಲಿಲ್ಲ. ಓದಿದ್ದೆ," ಎಂದರು ಆಶಕ್ಕ.

"ಯಾರೂ ಹೀಗೆ ಓದುವುದಿಲ್ಲ," ಎಂದರು ಕೆಂಡ್ರಿಕ್. ಸೊನ್ನೆ ಹಾಕಿ, ಡೀನ್ ಆಫೀಸಿಗೆ ವರದಿ ಕಳಿಸಿದರು.

ಆ ಸಂಜೆ ಆಶಕ್ಕ ಬಸ್ಸಿನಲ್ಲಿ ತಮ್ಮ ಸ್ಟಾಪು ದಾಟಿ ಎಲ್ಲಿಗೋ ಹೋಗಿ, ಅಲ್ಲಿಂದ ನನಗೆ ಫೋನ್ ಮಾಡಿದರು. ಕರೆತರಲು ನಾನೇ ಹೋದೆ. ಕಾರಿನಲ್ಲಿ ನಡೆದದ್ದನ್ನೆಲ್ಲ ಹೇಳಿದರು. ನಾನು "ಛೆ" ಎಂದೆ, "ಏನೋ ತಪ್ಪು ತಿಳ್ಕೊಂಡಿರ್ತಾರೆ ಬಿಡಿ" ಎಂದೆ. ಆದರೆ ನಿಜ ಹೇಳಬೇಕು. ಏಳು ಪ್ಯಾರಾ, ಅಲ್ಪವಿರಾಮ ಸಮೇತ ಎಂದಾಗ ನನ್ನ ಮನಸ್ಸಿನಲ್ಲೂ ಒಂದು ಹುಳ ಹೊಕ್ಕಿತು. ಮನೆಯಲ್ಲಿ ಗಂಡ ಹಾಗೆ ಕೂತಿದ್ದಾನೆ, ಓದಲು ಸಮಯವಿಲ್ಲ, ಒಂದು ಕಾಗದ ಮಡಚಿ ಇಟ್ಟುಕೊಂಡಿದ್ದರೂ ಇದ್ದೀತು ಎಂದುಕೊಂಡೆ.

ಡೀನ್ ಆಫೀಸಿನಿಂದ ಕಾಗದ ಬಂತು. ಎರಡೇ ದಾರಿ. ತಪ್ಪೊಪ್ಪಿಗೆಗೆ ಸಹಿ ಹಾಕಿದರೆ ಆ ಪರೀಕ್ಷೆಗೆ ಸೊನ್ನೆ, ವಿಷಯ ಅಲ್ಲಿಗೇ ಮುಗಿಯುತ್ತದೆ. ಒಪ್ಪದಿದ್ದರೆ ವಿಚಾರಣೆ, ಅಲ್ಲಿ ತಪ್ಪು ಸಾಬೀತಾದರೆ ಕಾಲೇಜಿನಿಂದ ಹೊರಗೆ. ಲೀಲಾಧರ ಅವರು ಆ ಕಾಗದ ಹಿಡಿದುಕೊಂಡು ನಮ್ಮ ಮನೆಗೆ ಇಳಿದು ಬಂದರು, ಹಿಂದೆಯೇ ಆಶಕ್ಕ ಮತ್ತು ಸುರಕ್ಷಾ.

ನನ್ನ ಗಂಡ ಓದಿ ನೋಡಿ, "ಸುಮ್ನೆ ಯಾಕೆ ರಿಸ್ಕು? ಸೈನ್ ಮಾಡಿ ಮುಗ್ಸಿಬಿಡಿ. ಒಂದು ಟೆಸ್ಟು ತಾನೇ?" ಎಂದರು.

"ನಾನೂ ಅದನ್ನೇ ಹೇಳುದು," ಎಂದರು ಲೀಲಾಧರ. "ಇಂಟರ್‌ವ್ಯೂದಲ್ಲಿ ಒಳ್ಳೆ ನಡತೆ ಉಂಟಾ ಅಂತ ಕೇಳ್ತಾರಂತೆ. ಕಾಲೇಜಿನಿಂದ ಹೊರಗೆ ಹಾಕಿದ್ರೆ ಅಲ್ಲಿ ಎಂತ ಉತ್ತರ ಕೊಡುದು? ಕೆಲಸವೂ ಇಲ್ಲ, ಇದೂ ಒಂದು ಸೇರಿಕೊಂಡ್ರೆ?"

"ಸೈನ್ ಮಾಡಿದ್ರೆ ಕದ್ದೆ ಅಂತ ನಾನೇ ಬರ್ಕೊಟ್ಟ ಹಾಗೆ ಅಲ್ವಾ?" ಎಂದರು ಆಶಕ್ಕ. "ಅದು ಒಳ್ಳೆ ನಡತೆಯಾ?"

"ಯಾರು ನೋಡ್ತಾರೆ ಮಾರಾಯ್ತಿ, ಅದು ಫೈಲಿನೊಳಗೆ ಇರ್ತದೆ."

ಇಷ್ಟು ಹೊತ್ತು ಗೋಡೆಗೆ ಒರಗಿ ನಿಂತಿದ್ದ ಸುರಕ್ಷಾ ಮೆಲ್ಲಗೆ, "ಅಮ್ಮ, ಡಿಡ್ ಯು?" ಎಂದಳು.

ಆಶಕ್ಕ ಮಗಳ ಮುಖ ನೋಡಿದರು. ಎದ್ದು ಮೇಲೆ ಹೋದರು. ಆಮೇಲೆ ಹತ್ತು ದಿನ ಆ ಮನೆಯಿಂದ ಪಾತ್ರೆಯ ಸದ್ದು ಬಿಟ್ಟರೆ ಮಾತಿನ ಸದ್ದು ಕೆಳಗೆ ಕೇಳಿಸಲಿಲ್ಲ. ಒಂದು ಬೆಳಿಗ್ಗೆ ಡೇಕೇರ್ ಬಾಗಿಲಲ್ಲಿ ಮಾನ್ಯಾಳ ಕೋಟು ಬಿಚ್ಚುತ್ತ, "ವಿಚಾರಣೆ ಬೇಕು ಅಂತ ಬರ್ದುಕೊಟ್ಟೆ," ಎಂದರು. "ಜೊತೆಗೆ ಒಬ್ರನ್ನು ಕರ್ಕೊಂಡು ಬರಬಹುದಂತೆ. ಇವರು ಬರುದಿಲ್ಲ ಅಂದ್ರು. ನೀವು ಬರ್ತೀರಾ?"

ಹೋಗದೆ ಇರಲು ಆಗಲಿಲ್ಲ.

ಮೇ ತಿಂಗಳ ಒಂದು ಮಧ್ಯಾಹ್ನ, ಕಿಟಕಿಯಿಲ್ಲದ ಕೋಣೆ. ಉದ್ದ ಮೇಜಿನ ಆಚೆ ಡೀನ್ ಮಿಸೆಸ್ ಒರ್ಟೇಗಾ, ಇನ್ನೊಬ್ಬ ಅಧ್ಯಾಪಕರು, ವಿದ್ಯಾರ್ಥಿಗಳ ಪರವಾಗಿ ಒಬ್ಬ ಹುಡುಗಿ. ಪಕ್ಕದಲ್ಲಿ ಕೆಂಡ್ರಿಕ್. ಆಶಕ್ಕ ಹಸಿರು ಅಂಚಿನ ಸೀರೆ ಉಟ್ಟು, ಮೇಲೆ ಸ್ವೆಟರ್ ಹಾಕಿಕೊಂಡಿದ್ದರು. ಕೆಂಡ್ರಿಕ್ ತಮ್ಮ ಸಾಕ್ಷ್ಯವನ್ನು ಚುಟುಕಾಗಿ ಹೇಳಿ ಮುಗಿಸಿದರು. ಡೀನ್ ಆಶಕ್ಕನತ್ತ ತಿರುಗಿದರು.

"ಸರ್ಕಾರದ ಪಾಠದಲ್ಲಿ ಒಂದು ಮಾತು ಕಲಿತೆ," ಎಂದು ಆಶಕ್ಕ ಇಂಗ್ಲಿಷಿನಲ್ಲಿ, ಒಂದೊಂದು ಪದವನ್ನೂ ಬಿಡಿಸಿಟ್ಟ ಹಾಗೆ ಹೇಳಿದರು. "ಒಬ್ಬರಿಂದ ಏನನ್ನಾದರೂ ಕಿತ್ತುಕೊಳ್ಳುವ ಮೊದಲು ಅವರ ಮಾತು ಕೇಳಬೇಕು. ಅದಕ್ಕೇ ಬಂದೆ. ಪರೀಕ್ಷೆಗೆ ಆರು ಅಧ್ಯಾಯ ಇತ್ತು. ನೀವು ಯಾವುದಾದರೂ ಪುಟ ತೆಗೆಯಿರಿ. ಮೊದಲ ಸಾಲು ಓದಿ."

ಡೀನ್ ಪುಸ್ತಕ ಎಳೆದುಕೊಂಡು ಎಲ್ಲೋ ನಡುವೆ ತೆರೆದರು. ರೈಲುದಾರಿಯ ಬಗೆಗಿನ ಪುಟ. ಮೊದಲ ಸಾಲು ಓದಿದರು. ಆಶಕ್ಕ ಕೈಕಟ್ಟಿ ಎದ್ದು ನಿಂತರು, ನಮ್ಮೂರಿನ ಶಾಲೆಗಳಲ್ಲಿ ನಿಲ್ಲುತ್ತಿದ್ದ ಹಾಗೆ. ಗೋಡೆಯ ಮೇಲೆಲ್ಲೋ ದೃಷ್ಟಿ ನೆಟ್ಟು ಎರಡನೆಯ ಸಾಲಿನಿಂದ ಶುರು ಮಾಡಿದರು. ಏರಿಳಿತವಿಲ್ಲದ ದನಿ. ಪುಟ ಮುಗಿಯಿತು, ಮುಂದಿನ ಪುಟಕ್ಕೆ ದಾಟಿದರು. ಡೀನ್ ಬೆರಳು ಸಾಲುಗಳ ಮೇಲೆ ಓಡುತ್ತಿತ್ತು. ಆ ಹುಡುಗಿ ಬಾಯಿ ತೆರೆದುಕೊಂಡು ನೋಡುತ್ತಿದ್ದಳು. ಒಂದು ಕಡೆ ಆಶಕ್ಕ ತಡವರಿಸಿದರು, ಕಣ್ಣು ಮುಚ್ಚಿದರು, ಹಿಂದಿನ ವಾಕ್ಯಕ್ಕೆ ಹೋಗಿ ಮತ್ತೆ ಹತ್ತಿ ಬಂದರು.

"ಸಾಕು," ಎಂದರು ಕೆಂಡ್ರಿಕ್. ಅವರ ಮುಖ ಕೆಂಪಾಗಿತ್ತು. "ದಯವಿಟ್ಟು ಸಾಕು."

ಡೀನ್ ಪುಸ್ತಕ ಮುಚ್ಚಿದರು. "ಇಷ್ಟೆಲ್ಲ ಯಾಕೆ ಬಾಯಿಪಾಠ ಮಾಡಿದಿರಿ?"

"ನಾನು ಇಂಗ್ಲಿಷು ಕಲಿತದ್ದೇ ಹೀಗೆ. ನಮ್ಮಲ್ಲಿ ಪುಸ್ತಕದ ಮಾತು ಬದಲಿಸಿದರೆ ಮಾರ್ಕು ಕಡಿಮೆ. ಪುಸ್ತಕದ ವಾಕ್ಯ ಗಟ್ಟಿ. ನನ್ನ ವಾಕ್ಯ ಒಡೆದುಹೋಗುತ್ತದೆ."

ಕೆಂಡ್ರಿಕ್ ಮೊದಲ ಸಲ ಅವರ ಮುಖ ನೋಡಿ ಮಾತಾಡಿದರು. "ಮಿಸೆಸ್ ಸುವರ್ಣ, ಮೋಸ ಎಂದದ್ದು ನನ್ನ ತಪ್ಪು. ಕ್ಷಮಿಸಿ. ಆದರೆ ನಾನು ನಿಮ್ಮನ್ನು ಕೇಳಿದ್ದು ನೀವು ಏನು ಯೋಚಿಸುತ್ತೀರಿ ಎಂದು. ಪುಸ್ತಕ ಏನು ಹೇಳುತ್ತದೆ ಎಂಬುದು ನನಗೆ ಗೊತ್ತು. ಈ ಉತ್ತರಕ್ಕೆ ಈಗಲೂ ಅಂಕ ಕೊಡಲಾರೆ."

ಅರ್ಧ ಗಂಟೆ ನಮ್ಮನ್ನು ಹೊರಗೆ ಕೂರಿಸಿ, ಒಳಗೆ ಕರೆದು ತೀರ್ಮಾನ ಹೇಳಿದರು. ಕಾಪಿ ಹೊಡೆದಿಲ್ಲ, ದಾಖಲೆಯಲ್ಲಿ ಏನೂ ಉಳಿಯುವುದಿಲ್ಲ. ಆದರೆ ಅದೇ ಪ್ರಶ್ನೆಗೆ ಎರಡು ವಾರ ಬಿಟ್ಟು, ಕಾಲೇಜಿನಲ್ಲೇ ಕೂತು ಇನ್ನೊಮ್ಮೆ ಉತ್ತರ ಬರೆಯಬೇಕು, ತಮ್ಮದೇ ಮಾತಿನಲ್ಲಿ.

ಕಾರಿನಲ್ಲಿ ಕೂತ ಮೇಲೆ ನಾನು ತಡೆಯಲಾರದೆ ಹೇಳಿಬಿಟ್ಟೆ: "ಆಶಕ್ಕ, ಮೊದಲು ನಂಗೂ ಅನುಮಾನ ಇತ್ತು."

"ಗೊತ್ತಿತ್ತು," ಎಂದರು. "ಆದ್ರೂ ಬಂದ್ರಿ ಅಲ್ವಾ." ಸೀಟ್ ಬೆಲ್ಟು ಎಳೆದುಕೊಂಡರು.

ಗೆದ್ದು ಬಂದವರ ಗೆಲುವು ಆಶಕ್ಕನ ಮುಖದಲ್ಲಿರಲಿಲ್ಲ. ಮನೆಗೆ ಬಂದಾಗ ಲೀಲಾಧರ ಅವರು ಬಾಗಿಲಲ್ಲೇ, "ಎಂತಾಯ್ತು?" ಎಂದು ಕೇಳಿದರು. "ಏನೂ ಇಲ್ಲ ಅಂದ್ರು," ಎಂದು ಆಶಕ್ಕ ನೇರ ಒಳಗೆ ಹೋದರು. ಲೀಲಾಧರ ಅವರು "ದೇವರು ದೊಡ್ಡವನು," ಎಂದು ನನ್ನ ಕಡೆ ನೋಡಿ ನಗಲು ನೋಡಿದರು.

ನಿಜವಾದ ಕಷ್ಟ ಶುರುವಾದದ್ದು ಅಲ್ಲಿಂದ. ಆಶಕ್ಕ ಮನೆಯಲ್ಲಿ ಅಭ್ಯಾಸಕ್ಕೆಂದು ಬರೆಯಲು ಕೂತರೆ ಪೆನ್ನಿನಿಂದ ಪುಸ್ತಕದ ವಾಕ್ಯವೇ ಇಳಿಯುತ್ತಿತ್ತು. ಹೊಡೆದುಹಾಕಿ ಮತ್ತೆ ಬರೆದರೆ ಮುಂದಿನ ವಾಕ್ಯ. ಅದನ್ನೂ ಹೊಡೆದುಹಾಕಿದರೆ ಹಾಳೆ ಖಾಲಿ. ಒಂದು ವಾರ ಹೀಗೇ ಹೋಯಿತು. ಶನಿವಾರ ಲಾಂಡ್ರಿ ರೂಮಿನಲ್ಲಿ ಸಿಕ್ಕಿದಾಗ ಬಟ್ಟೆಯ ಬುಟ್ಟಿಯ ಮೇಲೆ ಕೂತು ಅತ್ತುಬಿಟ್ಟರು.

"ಕದ್ದೆ ಅಂದಾಗ ಕೂಡ ಇಷ್ಟು ಬೇಜಾರಾಗ್ಲಿಲ್ಲ ಮೈಥಿಲಿ. ಕದ್ದಿಲ್ಲ ಅಂತ ನಂಗೆ ಗೊತ್ತಿತ್ತು. ಈಗ ನೋಡಿದ್ರೆ ಹೇಳ್ಲಿಕ್ಕೆ ನನ್ನದು ಅಂತ ಎಂತದೂ ಇಲ್ಲ. ಆರು ಅಧ್ಯಾಯ ತಲೆಯಲ್ಲಿ ಉಂಟು, ನಾನು ಎಲ್ಲಿಯೂ ಇಲ್ಲ."

ದಾರಿ ತೋರಿಸಿದ್ದು ಸುರಕ್ಷಾ. ತಾಯಿಯನ್ನು ಅಂದು ಹಾಗೆ ಕೇಳಿಬಿಟ್ಟದ್ದು ಆ ಹುಡುಗಿಯನ್ನು ಕೊರೆಯುತ್ತಿತ್ತು. ಮರುದಿನ ಬೆಳಿಗ್ಗೆ ಅವಳು ಪುಸ್ತಕ ಎತ್ತಿ ನಮ್ಮ ಮನೆಯಲ್ಲಿಟ್ಟು, ತಾಯಿಯ ಎದುರು ಕೂತಳಂತೆ. "ಡೋಂಟ್ ರೈಟ್. ಜಸ್ಟ್ ಟೆಲ್ ಮಿ. ತುಳುವಿನಲ್ಲಿ ಹೇಳು. ಆ ದ್ವೀಪದಲ್ಲಿ ಏನಾಯ್ತು?" ಎಂದಳಂತೆ.

ಆಶಕ್ಕ ಹೇಳತೊಡಗಿದರು. ಚೀನಾದಿಂದ ಬಂದವರನ್ನು ತಿಂಗಳುಗಟ್ಟಲೆ ಅಲ್ಲಿ ಕೂಡಿಹಾಕಿದ್ದು. ಅಧಿಕಾರಿಗಳು, ನಿನ್ನ ಮನೆಗೆ ಎಷ್ಟು ಮೆಟ್ಟಿಲು, ಅಕ್ಕಿ ಇಡುವ ಪಾತ್ರೆ ಯಾವ ಮೂಲೆಯಲ್ಲಿ, ಪಕ್ಕದ ಮನೆಯವರಿಗೆ ಎಷ್ಟು ಮಕ್ಕಳು ಎಂದು ಕೇಳಿದ್ದು. ಇಲ್ಲಿರುವ ತಂದೆಯ ಉತ್ತರಕ್ಕೂ ಅಲ್ಲಿಂದ ಬಂದ ಮಗನ ಉತ್ತರಕ್ಕೂ ವ್ಯತ್ಯಾಸ ಬಂದರೆ ವಾಪಸು ಹಡಗು ಹತ್ತಿಸಿದ್ದು. ಅದಕ್ಕೆ ಅವರು ಉತ್ತರಗಳನ್ನು ಬರೆಸಿಕೊಂಡು, ಹಡಗಿನಲ್ಲಿ ಬಾಯಿಪಾಠ ಮಾಡಿ, ದಡ ಕಾಣುವ ಮೊದಲು ಕಾಗದವನ್ನು ಸಮುದ್ರಕ್ಕೆ ಎಸೆಯುತ್ತಿದ್ದದ್ದು.

ಅಷ್ಟಾದ ಮೇಲೆ ಆಶಕ್ಕ ಮಗಳಿಗೆ ಗೊತ್ತೇ ಇಲ್ಲದ ಸಂಗತಿಯೊಂದನ್ನು ಹೇಳಿದರು. ಮದುವೆಯಾಗಿ ಗಂಡ ಒಬ್ಬರೇ ಮೊದಲು ಅಮೆರಿಕಕ್ಕೆ ಬಂದ ಮೇಲೆ ಅವರು ವೀಸಾಕ್ಕಾಗಿ ಮದ್ರಾಸಿಗೆ ಹೋಗಿದ್ದರು. ಏನು ಕೇಳಿದರೆ ಏನು ಹೇಳಬೇಕು ಎಂದು ಲೀಲಾಧರ ಇಂಗ್ಲಿಷಿನಲ್ಲಿ ಎರಡು ಪುಟ ಬರೆದು ಕಳಿಸಿದ್ದರು. ರೈಲಿನುದ್ದಕ್ಕೂ ಅದನ್ನು ಉರು ಹೊಡೆದು, ಕ್ಯೂನಲ್ಲಿ ನಿಂತಾಗ ಯಾರಾದರೂ ನೋಡಿಯಾರೆಂದು ಹರಿದು ಬಿಸಾಡಿದ್ದರು. ಕಿಟಕಿಯ ಆಚೆಯ ಅಧಿಕಾರಿ ಬರೆದುಕೊಂಡು ಬಂದದ್ದನ್ನು ಬಿಟ್ಟು, ನಿನ್ನ ಗಂಡನಿಗೆ ಯಾವ ತಿಂಡಿ ಇಷ್ಟ ಎಂದು ಕೇಳಿದ. ಮದುವೆಯಾಗಿ ಗಂಡನೊಡನೆ ಇದ್ದದ್ದೇ ಇಪ್ಪತ್ತು ದಿನ. ಗೊತ್ತಿರಲಿಲ್ಲ. ಬಾಯಿಗೆ ಬಂದದ್ದು ಹೇಳಿದೆ ಎಂದರು.

"ಅಮ್ಮ, ರೈಟ್ ದಟ್," ಎಂದಳು ಸುರಕ್ಷಾ.

ಆಶಕ್ಕ ಅದನ್ನೇ ಬರೆದರು. ತಪ್ಪಿದರೆ ಹಿಂದಕ್ಕೆ ಕಳಿಸುತ್ತಾರೆ ಎಂಬ ಭಯ ಇರುವವರು ಮಾತ್ರ ಹೀಗೆ ಬಾಯಿಪಾಠ ಮಾಡುತ್ತಾರೆ, ಅವರನ್ನು ಸುಳ್ಳರು ಎನ್ನುವ ಮೊದಲು ಪ್ರಶ್ನೆ ಕೇಳಿದವರು ಯಾರು ಎಂದು ನೋಡಬೇಕು ಎಂಬುದು ಉತ್ತರದ ತಿರುಳು. ಎರಡೂವರೆ ಪುಟ, ತಪ್ಪುತಡೆಯ ಇಂಗ್ಲಿಷು. ಮಗಳು ತಿದ್ದಲು ಬಂದರೆ ಬೇಡವೆಂದರು. ಕಾಲೇಜಿನ ಕೋಣೆಯಲ್ಲಿ ಕೂತು ಬರೆಯುವಾಗಲೂ ಮನೆಯಲ್ಲಿ ಬರೆದದ್ದನ್ನು ನೆನಪು ಮಾಡಿಕೊಳ್ಳದೆ ಹೊಸದಾಗಿ ಬರೆಯಲು ನೋಡಿದೆ, ಅದೇ ದೊಡ್ಡ ಕಷ್ಟವಾಯಿತು ಎಂದು ನನಗೆ ಹೇಳಿದರು.

ಕೆಂಡ್ರಿಕ್ 'ಬಿ ಮೈನಸ್' ಕೊಟ್ಟರು. ವ್ಯಾಕರಣಕ್ಕೆ ಅಂಕ ಕಳೆದಿದ್ದರು. ಅಂಚಿನಲ್ಲಿ, "ಹತ್ತೊಂಬತ್ತು ವರ್ಷದಿಂದ ಇದನ್ನು ಪಾಠ ಮಾಡುತ್ತಿದ್ದೇನೆ, ಈ ಮಾತು ನನಗೆ ಹೊಳೆದಿರಲಿಲ್ಲ," ಎಂದು ಬರೆದಿದ್ದರು. ಆಶಕ್ಕ ನನಗೆ ತೋರಿಸಿದ್ದು ಆ ಸಾಲನ್ನಲ್ಲ. ಕೆಂಪು ಗೆರೆ ಎಳೆದ ವ್ಯಾಕರಣದ ತಪ್ಪುಗಳನ್ನು. "ಇಷ್ಟು ತಪ್ಪು ನಾನು ಯಾವತ್ತೂ ಮಾಡಿದ್ದಿಲ್ಲ ಮೈಥಿಲಿ," ಎಂದರು. ಹೆಮ್ಮೆಯೋ ಸಂಕಟವೋ ಹೇಳಲು ಬರುವಂತಿರಲಿಲ್ಲ.

ಇಷ್ಟಾದರೂ ಆ ಮನೆಯಲ್ಲಿ ಒಡೆದದ್ದು ಕೂಡಿಕೊಳ್ಳಲಿಲ್ಲ. ಬೇಸಿಗೆಯೆಲ್ಲ ಲೀಲಾಧರ ಕೆಲಸ ಹುಡುಕಿದರು. ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಆ ಘಟನೆಯಾದ ಮೇಲೆ ಪೌರತ್ವದ ಇಂಟರ್‌ವ್ಯೂ ಮುಂದಕ್ಕೆ ಹೋಯಿತು, ಅವರ ದಿಗಿಲು ಹೆಚ್ಚಿತು. ಡೇಕೇರ್‌ಗೆ ಬರುವ ಮಕ್ಕಳೂ ಕಡಿಮೆಯಾದರು, ಅಪ್ಪಂದಿರೇ ಮನೆಯಲ್ಲಿದ್ದರಲ್ಲ. ನವೆಂಬರಿನಲ್ಲಿ ಲೀಲಾಧರ ಅವರಿಗೆ ಕಾರಿನಲ್ಲಿ ಗಂಟೆ ದೂರದ ಮಾರ್ಗನ್ ಹಿಲ್ ಕಡೆ ಒಂದು ಸಣ್ಣ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಡಿಗ್ರಿಗೆ ಇನ್ನೂ ಐದು ವಿಷಯ ಬಾಕಿಯಿದ್ದಾಗ ಆಶಕ್ಕ ಕಾಲೇಜು ಬಿಟ್ಟು ಹೊರಟರು.

ಹೊರಡುವ ಮುನ್ನಾದಿನ ಪೆಟ್ಟಿಗೆ ಕಟ್ಟಲು ಹೋದಾಗ ನಾನು, "ಲೀಲಾಧರ ಅವ್ರ ಮೇಲೆ ಇನ್ನೂ ಕೋಪಾನಾ?" ಎಂದು ಕೇಳಿದೆ.

ಅವರು ಪಾತ್ರೆಗೆ ಪೇಪರು ಸುತ್ತುತ್ತಲೇ ಹೇಳಿದರು: "ಅವರು ನನ್ನನ್ನು ನಂಬ್ಲಿಲ್ಲ ಅಂತ ಆಗಿದ್ರೆ ಕೋಪ ಮಾಡಿ ಬಿಡ್ತಿದ್ದೆ. ನೀವು ನಂಬ್ಲಿಲ್ಲ, ಸುರಕ್ಷಾ ನಂಬ್ಲಿಲ್ಲ, ಅದೆಲ್ಲ ಹೋಯ್ತು. ಅವರು ನಂಬಿದ್ರು. ನಾನು ಹೇಗೆ ಓದುದು ಅಂತ ಅವರಿಗೆ ಗೊತ್ತುಂಟು. ನಂಬಿಯೂ ಸೈನ್ ಮಾಡು ಅಂದ್ರು."

ಮಾರನೆಯ ವರ್ಷ ಇಬ್ಬರಿಗೂ ಪೌರತ್ವ ಸಿಕ್ಕಿತು. ಆಶಕ್ಕನಿಗೆ ಅಲ್ಲಿನ ಒಂದು ಶಾಲೆಯಲ್ಲಿ ಟೀಚರಿಗೆ ಸಹಾಯಕಿಯ ಕೆಲಸ. ಫೋನಿನಲ್ಲಿ ಮಾತಾಡುವಾಗ ಲೀಲಾಧರ ಅವರ ದನಿ ಹಿಂದಿನಿಂದ ಕೇಳುತ್ತದೆ. ಗಿಲ್‌ರಾಯ್ ಕಾಲೇಜು ಹತ್ತಿರವೇ ಇದೆ, ಉಳಿದದ್ದನ್ನು ಮುಗಿಸು, ನಾನೇ ಕಾರಿನಲ್ಲಿ ಬಿಡ್ತೇನೆ ಎಂದು ಪ್ರತಿ ಸೆಮಿಸ್ಟರಿಗೂ ಅರ್ಜಿ ತಂದು ಮೇಜಿನ ಮೇಲೆ ಇಡುತ್ತಾರಂತೆ.

"ನೀವೇನಂತೀರಿ?" ಎಂದು ಕೇಳಿದೆ.

"ನೋಡುವ ಅಂತೇನೆ," ಎಂದರು ಆಶಕ್ಕ.